ಮರಸಿನಲ್ಲಿ ಇಬ್ಬರು

ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಯಾರಾದರೊಬ್ಬರು ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಸರ್, ಒಂದು ವರ್ಷದಿಂದ ಬಿಲ್ಲು ಕಲಿತಿದ್ದೀನಿ. ಈ ಸಲ ಜಿಂಕೆ ಬೇಟೆಗೆ ಹೋಗಬಹುದಾ?" ಎಂದು ಕೇಳುತ್ತಾರೆ. ಯಾವ ಬಿಲ್ಲು, ಎಷ್ಟು ಪೌಂಡು ಎಂದು ನಾನು ವಿಚಾರಿಸಬಹುದೆಂದು ಅವರು ಕಾದಿರುತ್ತಾರೆ. ನನ್ನ ಮೊದಲ ಪ್ರಶ್ನೆ ಬೇರೆ: "ಜೊತೆಗೆ ಯಾರು ಬರ್ತಾರೆ?" ಹೆಚ್ಚಿನವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ಈ ಲೇಖನವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಓದುಗರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅದು ಹಾಗೆಯೇ ಇರಬೇಕು. ನಾಗರಹೊಳೆಯ ಜಿಂಕೆಗಳ ಲೆಕ್ಕ ನೋಡಿಕೊಳ್ಳಲು ಹುಲಿ, ಚಿರತೆ, ಸೀಳುನಾಯಿಗಳಿವೆ. ಟೆಕ್ಸಸ್‌ನಲ್ಲಿ ತೋಳಗಳನ್ನು ಜನ ಹಿಂದೆಯೇ ಕೊಂದು ಮುಗಿಸಿದರು. ಈಗ ಆ ರಾಜ್ಯವೊಂದರಲ್ಲೇ ಬಿಳಿಬಾಲದ ಜಿಂಕೆಗಳು 50 ಲಕ್ಷಕ್ಕೂ ಹೆಚ್ಚಿವೆ. ಮಳೆ ಕೈಕೊಟ್ಟ ವರ್ಷ ಮೇವಿಲ್ಲದೆ ಪಕ್ಕೆಲುಬು ಎದ್ದು ಕಾಣುವ ಮರಿಗಳನ್ನು ನಾನೇ ನೋಡಿದ್ದೇನೆ. ಎಷ್ಟು ಜಿಂಕೆ ಹೊಡೆಯಬಹುದು, ಯಾವ ತಿಂಗಳು, ಯಾವ ಕೌಂಟಿಯಲ್ಲಿ ಎಂಬುದನ್ನೆಲ್ಲ ರಾಜ್ಯದ ವನ್ಯಜೀವಿ ಇಲಾಖೆ ಗೊತ್ತುಮಾಡುತ್ತದೆ. ಬಿಲ್ಲಿನ ಬೆಲೆಯಲ್ಲೇ ಶೇ 11ರಷ್ಟು ಕೇಂದ್ರ ತೆರಿಗೆ ಸೇರಿದೆ. ಬಂದೂಕಿನ ಮೇಲಿದ್ದ, 1937ರ ಕಾಯ್ದೆ ವನ್ಯಜೀವಿಗಳಿಗೆಂದು ಮೀಸಲಿಟ್ಟ ಈ ತೆರಿಗೆಯನ್ನು 1970ರ ದಶಕದಲ್ಲಿ ಬಿಲ್ಲಿಗೂ ವಿಸ್ತರಿಸಿದರು. ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಪ್ರಾಣಿ ಕೊಲ್ಲುವುದೇ ಒಪ್ಪಿಗೆಯಿಲ್ಲ ಎನ್ನುವವರ ಮಾತನ್ನು ನಾನು ಗೌರವಿಸುತ್ತೇನೆ. ಮಾಂಸ ತಿನ್ನುವವನು ಒಮ್ಮೆಯಾದರೂ ಅದರ ಬೆಲೆಯನ್ನು ಕಣ್ಣಾರೆ ಕಾಣಬೇಕು ಎಂಬುದು ನನ್ನ ನಂಬಿಕೆ.

ಇಲ್ಲಿ ಬೇಟೆಯೆಂದರೆ ಬಹುಮಟ್ಟಿಗೆ ರ‍್ಯಾಂಚ್‌ನಲ್ಲೇ, ಅಂದರೆ ದನಕರು ಸಾಕುವ ಖಾಸಗಿ ಜಮೀನಿನಲ್ಲೇ. ಟೆಕ್ಸಸ್‌ನ ಶೇ 90ಕ್ಕೂ ಹೆಚ್ಚು ನೆಲ ಖಾಸಗಿಯವರದು. ಆಸ್ಟಿನ್‌ನಿಂದ ಪಶ್ಚಿಮಕ್ಕೆ ಹೊರಟು ಲಾನೋ, ಮೇಸನ್ ಕಡೆ ಹೋದರೆ ಹಿಲ್ ಕಂಟ್ರಿ ಎಂಬ ಗುಡ್ಡಸೀಮೆ. ಸುಣ್ಣಕಲ್ಲು, ಕೆಲವೆಡೆ ಗ್ರಾನೈಟ್ ಬಂಡೆ, ಕುಳ್ಳನೆಯ ಲೈವ್ ಓಕ್ ಮರಗಳು, ಊರವರು ಸೀಡರ್ ಎಂದೇ ಕರೆಯುವ ಜೂನಿಪರ್ ಪೊದೆಗಳು, ಕಾಲಿಟ್ಟಲ್ಲೆಲ್ಲ ಪಾಪಾಸುಕಳ್ಳಿ. ದನ, ಆಡು ಸಾಕುವ ಒಡೆಯರು ಸೀಸನ್ನಿಗೆ ಇಷ್ಟು ಎಂದು ಬೇಟೆಯ ಗುತ್ತಿಗೆ ಕೊಡುತ್ತಾರೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿಯೇ ಬರಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಗೂಟಕ್ಕೋ ಮರಕ್ಕೋ ನೇರಳೆ ಬಣ್ಣ ಬಳಿದಿದ್ದರೆ ಅದು ಟೆಕ್ಸಸ್ ಕಾನೂನಿನಲ್ಲಿ "ಒಳಗೆ ಬರಬೇಡ" ಎಂಬ ಫಲಕಕ್ಕೆ ಸಮ. ನಿಮ್ಮ ಬಾಣ ತಗುಲಿದ ಜಿಂಕೆಯೇ ಬೇಲಿ ಹಾರಿ ಆ ಕಡೆ ಬಿದ್ದರೂ ಪಕ್ಕದ ಒಡೆಯರ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಆದ್ದರಿಂದ ಅವರ ಫೋನ್ ನಂಬರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆಗೆ ಬೇಲಿ ಪಕ್ಕ ನಿಂತು ಹುಡುಕುವ ನಂಬರು ಅದಲ್ಲ.

ಈ ದೇಶದಲ್ಲಿ ಇಂದು ನಡೆಯುವ ಬಿಲ್ಲಿನ ಬೇಟೆ ಬೇರು ಬಿಟ್ಟದ್ದೂ ಇಬ್ಬರ ಜೊತೆಗಾರಿಕೆಯಲ್ಲೇ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನ ಹೊರಗೆ, ಹಸಿದು ಬಳಲಿದ ಒಬ್ಬ ಮನುಷ್ಯ ಸಿಕ್ಕ. ಯಾಹಿ ಜನಾಂಗದಲ್ಲಿ ಉಳಿದಿದ್ದ ಕೊನೆಯವನು. ತನ್ನ ಹೆಸರು ಹೇಳಿಕೊಳ್ಳುವುದು ಅವರಲ್ಲಿ ಸಲ್ಲದ ಕಾರಣ ಅವನನ್ನು ಇಶಿ ಎಂದು ಕರೆದರು. ಅವರ ಮಾತಿನಲ್ಲಿ ಇಶಿ ಎಂದರೆ ಮನುಷ್ಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನ ಆರೋಗ್ಯ ನೋಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್, ಅವನಿಂದಲೇ ಬಿಲ್ಲು ಮಾಡುವುದನ್ನೂ ಜಿಂಕೆಯ ಹತ್ತಿರ ಸುಳಿಯುವುದನ್ನೂ ಕಲಿತ. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಮುಟ್ಟುತ್ತಿರಲಿಲ್ಲ, ಬೆಳಿಗ್ಗೆ ಹೊಳೆಯಲ್ಲಿ ಮಿಂದೇ ಹೊರಡುತ್ತಿದ್ದ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬರೆದ ಪುಸ್ತಕ ಅಮೆರಿಕದಲ್ಲಿ ಬಿಲ್ಲಿನ ಬೇಟೆಗೆ ಮತ್ತೆ ಜೀವ ಕೊಟ್ಟಿತು. ಬರೀ ಬಿಲ್ಲಿಗೆಂದೇ ಮೀಸಲಾದ ಜಿಂಕೆ ಸೀಸನ್ನನ್ನು ಮೊದಲು ತೆರೆದದ್ದು ವಿಸ್ಕಾನ್ಸಿನ್ ರಾಜ್ಯ, 1934ರಲ್ಲಿ. ವೈದ್ಯನೊಬ್ಬ ತನ್ನ ರೋಗಿಯ ಶಿಷ್ಯನಾದ ಈ ಕಥೆಯನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ.

ಇನ್ನು ಸಲಕರಣೆ. ಅಂಗಡಿಯವರು ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಹೊಸಬರು ಬಹುತೇಕ ಕಾಂಪೌಂಡ್ ಬಿಲ್ಲು ಹಿಡಿಯುತ್ತಾರೆ. ತುದಿಗಳಲ್ಲಿ ಗಾಲಿಗಳಿರುವ ಈ ಬಿಲ್ಲನ್ನು ರೂಪಿಸಿದವನು ಮಿಸ್ಸೌರಿಯ ಹೋಲೆಸ್ ವಿಲ್ಬರ್ ಅಲೆನ್, ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. 60 ಪೌಂಡಿನ ಬಿಲ್ಲಿನ ಹೆದೆಯನ್ನು ಪೂರ್ತಿ ಎಳೆದ ಮೇಲೆ ಗಾಲಿಗಳು ಭಾರ ಹೊರುತ್ತವೆ, ಬೆರಳಿಗೆ ಹತ್ತು ಹದಿನೈದು ಪೌಂಡು ಮಾತ್ರ ಉಳಿಯುತ್ತದೆ. ಹಾಗಾಗಿ ಜಿಂಕೆ ತಿರುಗುವ ತನಕ ಎಳೆದು ಹಿಡಿದು ಕಾಯಬಹುದು. ಬಾಣದ ತುದಿಗೆ ಬ್ರಾಡ್‌ಹೆಡ್, ಅಂದರೆ ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಗಲ ಅಲಗಿನ ಮೊನೆ. ಟೆಕ್ಸಸ್‌ನಲ್ಲಿ ಅದರ ಅಗಲ ಕನಿಷ್ಠ 7/8 ಇಂಚು ಇರಬೇಕು, ಅಲಗು ಕನಿಷ್ಠ ಎರಡಿರಬೇಕು. ನಿಮ್ಮ ಭುಜಕ್ಕೆ ಒಗ್ಗುವ ಬಿಲ್ಲು ಕೊಳ್ಳಿ. ಕೂತಲ್ಲೇ, ಬಿಲ್ಲನ್ನು ಆಕಾಶಕ್ಕೆ ಎತ್ತದೆ, ನಿಧಾನವಾಗಿ ಎಳೆಯಲು ಆಗದಿದ್ದರೆ ಅದು ನಿಮ್ಮ ಬಿಲ್ಲಲ್ಲ.

ಬಂದೂಕಿನ ಬೇಟೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಗುಂಡು ಬಡಿದ ರಭಸಕ್ಕೇ ಪ್ರಾಣಿ ಕುಸಿಯುವುದುಂಟು. ಬಾಣ ಹಾಗೆ ಕೆಡವುವುದಿಲ್ಲ, ಅದು ಕೊಯ್ಯುತ್ತದೆ. ಎರಡೂ ಶ್ವಾಸಕೋಶಗಳನ್ನೋ ಗುಂಡಿಗೆಯನ್ನೋ ಕೊಯ್ದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ, ಹೆಚ್ಚೆಂದರೆ ನೂರು ನೂರೈವತ್ತು ಗಜದೊಳಗೆ, ಬೀಳುತ್ತದೆ. ನಾಲ್ಕು ಬೆರಳು ಹಿಂದಕ್ಕೆ ಸರಿದು ಹೊಟ್ಟೆಗೆ ಹೋದರೆ ಗಂಟೆಗಟ್ಟಲೆ ನರಳುತ್ತದೆ. ಆದ್ದರಿಂದ ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ಮುಖ ಮಾಡಿರಬೇಕು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರದಲ್ಲಿ, ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಜಾಗ. ನಿಮ್ಮ ಗುರಿ ಅಷ್ಟೇ. ಎದುರಿಗೆ ಮುಖ ಮಾಡಿದ ಜಿಂಕೆ ಎಷ್ಟೇ ಹತ್ತಿರವಿರಲಿ, ಬಾಣ ಬಿಡಬಾರದು.

ದೂರ ಎಷ್ಟಿರಬೇಕು? ನನ್ನ ಹೊಸ ವಿದ್ಯಾರ್ಥಿಗಳಿಗೆ 20 ಗಜ ಎನ್ನುತ್ತೇನೆ. ಅಭ್ಯಾಸದಲ್ಲಿ 40 ಗಜಕ್ಕೂ ಗುರಿ ತಪ್ಪದವರು ಇದನ್ನು ಕೇಳಿ ಮುಖ ಸಣ್ಣ ಮಾಡುತ್ತಾರೆ. ಅವರಿಗೆ ಹಲಗೆಯ ಮೇಲೆ ಲೆಕ್ಕ ಬರೆದು ತೋರಿಸುತ್ತೇನೆ. ಬಾಣ ಸೆಕೆಂಡಿಗೆ ಸುಮಾರು 280 ಅಡಿ ಹೋಗುತ್ತದೆ. ಹೆದೆಯ ಸದ್ದು ಸೆಕೆಂಡಿಗೆ 1100 ಅಡಿ. ಅಂದರೆ ಬಾಣಕ್ಕಿಂತ ಮೊದಲು ಸದ್ದು ಜಿಂಕೆಯ ಕಿವಿಗೆ ಮುಟ್ಟುತ್ತದೆ. 20 ಗಜದಲ್ಲಿ ಸದ್ದು ಕೇಳಿದ ಮೇಲೆ ಜಿಂಕೆಗೆ ಸಿಗುವ ಸಮಯ ಸೆಕೆಂಡಿನ ಆರನೇ ಒಂದು ಭಾಗ. 40 ಗಜದಲ್ಲಿ ಅದರ ಎರಡರಷ್ಟು, ಸೆಕೆಂಡಿನ ಮೂರನೇ ಒಂದು ಭಾಗ. ಬೆದರಿದ ಜಿಂಕೆ ನೆಗೆಯುವ ಮುನ್ನ ಕಾಲು ಮಡಿಸಿ ಮೈಯನ್ನು ಕೆಳಕ್ಕೆ ಇಳಿಸುತ್ತದೆ. ಅಷ್ಟರಲ್ಲಿ ಒಂದು ಗೇಣು ಕುಸಿದರೂ ಶ್ವಾಸಕೋಶಕ್ಕಿಟ್ಟ ಬಾಣ ಬೆನ್ನಿಗೆ ಹೋಗುತ್ತದೆ. ಅಭ್ಯಾಸದ ಹಲಗೆಗೆ ಕಿವಿ ಇಲ್ಲ, ಕಾಲಿಲ್ಲ.

ಸೀಸನ್ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ತೆರೆಯುತ್ತದೆ. ಬಂದೂಕಿನವರು ನವೆಂಬರ್‌ನಲ್ಲಿ ಬರುವ ತನಕ ಸುಮಾರು ಐದು ವಾರ ಕಾಡು ಬಿಲ್ಲಿನವರದು. ಅದಕ್ಕೆ ಮೊದಲು ಲೈಸೆನ್ಸು, ಬಿಲ್ಲಿನ ಬೇಟೆಗೆ ಪ್ರತ್ಯೇಕ ಅನುಮತಿ, ಬೇಟೆ ಶಿಕ್ಷಣದ ತರಗತಿ ಇಷ್ಟೂ ಆಗಿರಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಆ ತರಗತಿ ಕಡ್ಡಾಯ. ಅದನ್ನು ಕಾಟಾಚಾರಕ್ಕೆ ಮುಗಿಸಬೇಡಿ.

ಈಗ ಕಾಡಿಗೆ ಹೋಗೋಣ. ಮಲೆನಾಡಿನ ಹಳೆಯ ಷಿಕಾರಿಯವರು, ಪ್ರಾಣಿ ಬರುವ ದಾರಿಯಲ್ಲಿ ಅಡಗಿ ಕೂರುವುದನ್ನು ಮರಸು ಕೂರುವುದು ಎನ್ನುತ್ತಿದ್ದರು. ಇಲ್ಲಿ ನಾವು ಮಾಡುವುದೂ ಅದನ್ನೇ. ಹಿಲ್ ಕಂಟ್ರಿಯ ಮರಗಳು ಕುಳ್ಳ, ಅಟ್ಟಣೆಗೆ ಒಗ್ಗುವ ಮರ ಕಡಿಮೆ. ಸೀಡರ್ ಪೊದೆಗೆ ಬೆನ್ನು ಕೊಟ್ಟು ನೆಲದ ಮೇಲೆ ಬಟ್ಟೆಯ ಗುಡಾರ ಹೂಡಿ, ಅದರೊಳಗೆ ಎರಡು ಸ್ಟೂಲ್ ಹಾಕಿಕೊಂಡು ಇಬ್ಬರು ಕೂರುತ್ತೇವೆ. ಎಲ್ಲಾದರೂ ಮರ ಏರಬೇಕಾಗಿ ಬಂದರೆ ಮೈಗೆಲ್ಲ ಕಟ್ಟುವ ಸುರಕ್ಷಾ ಪಟ್ಟಿ ಹಾಕದೆ ನೆಲ ಬಿಡಬೇಡಿ. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತದೆ, ಹಗ್ಗ ಕಟ್ಟಿ ಆಮೇಲೆ ಮೇಲಕ್ಕೆ ಎಳೆದುಕೊಳ್ಳಿ.

ಖಾಸಗಿ ಜಮೀನಿನಲ್ಲಿ ಜೋಳ ಚೆಲ್ಲುವ ಯಂತ್ರವಿಟ್ಟು ಜಿಂಕೆ ಕರೆಯುವುದಕ್ಕೆ ಟೆಕ್ಸಸ್‌ನಲ್ಲಿ ಅವಕಾಶವಿದೆ. ಬೇರೆ ಕೆಲವು ರಾಜ್ಯಗಳಲ್ಲಿ ಅದು ಅಪರಾಧ. ನನಗೆ ಮನಸ್ಸು ಒಪ್ಪುವುದು ಜಿಂಕೆಯ ದಾರಿಯಲ್ಲಿ ಕೂರುವುದೇ. ಹಿಕ್ಕೆ, ಗೊರಸಿನ ಗುರುತು, ಓಕ್ ಕಾಯಿ ಉದುರಿದ ಜಾಗ, ಬೇಲಿಯ ಕೆಳಗೆ ನುಸುಳಿದ ಕಡೆ ಸಿಕ್ಕಿಕೊಂಡ ರೋಮ ಇವನ್ನೆಲ್ಲ ನೋಡಿ ದಾರಿ ಹಿಡಿಯಬೇಕು. ಆದರೆ ಮೊದಲ ವರ್ಷದವರು ಜೋಳದ ಹತ್ತಿರ ಕೂತರೆ ನಾನು ತಡೆಯುವುದಿಲ್ಲ. ಅಳೆದಿಟ್ಟ ದೂರದಲ್ಲಿ ತಲೆ ತಗ್ಗಿಸಿ ನಿಂತ ಜಿಂಕೆಗೆ ಬಿಟ್ಟ ಬಾಣ ಸರಿಯಾದ ಕಡೆ ಬೀಳುವ ಸಂಭವ ಹೆಚ್ಚು.

ಗಾಳಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಜಿಂಕೆಯ ಕಣ್ಣನ್ನು ವಂಚಿಸಬಹುದು. ಅದಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನೀಲಿ ಜೀನ್ಸ್ ಮನೆಯಲ್ಲಿರಲಿ. ಮೂಗನ್ನು ಯಾರೂ ವಂಚಿಸಿದ್ದಿಲ್ಲ. ವಿಭೂತಿಯಂಥ ನಯವಾದ ಪುಡಿ ತುಂಬಿದ ಪುಟ್ಟ ಬಾಟಲಿ ನನ್ನ ಜೊತೆಗಾರರ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಒತ್ತಿದರೆ ಹೊಗೆಯಂತೆ ಹೊರಬಂದು ಗಾಳಿಯ ದಿಕ್ಕು ತೋರಿಸುತ್ತದೆ. ಬಿಸಿಲೇರುತ್ತಿದ್ದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏಳುತ್ತದೆ, ಸಂಜೆ ತಂಪಾದಂತೆ ಹಳ್ಳಕ್ಕೆ ಇಳಿಯುತ್ತದೆ. ಜಿಂಕೆ ಬರುವ ಕಡೆಗೆ ನಿಮ್ಮ ಗಾಳಿ ಹೋಗುತ್ತಿದ್ದರೆ ಅಂದು ಆ ಗುಡಾರಕ್ಕೆ ಹೋಗಲೇಬೇಡಿ.

ಇಬ್ಬರಲ್ಲಿ ಬಿಲ್ಲು ಒಬ್ಬರ ಕೈಯಲ್ಲಿ ಮಾತ್ರ. ಇನ್ನೊಬ್ಬರ ಬಳಿ ಬೈನಾಕ್ಯುಲರ್, ದೂರ ಅಳೆಯುವ ಸಾಧನ, ಪುಡಿಯ ಬಾಟಲಿ. ಮಾತಿಲ್ಲ. ಜೊತೆಗಾರರು ಬಿಲ್ಲು ಹಿಡಿದವರ ಮಂಡಿಯ ಮೇಲೆ ಒಂದು ಸಲ ಬೆರಳು ತಟ್ಟಿದರೆ ಜಿಂಕೆ ಕಂಡಿದೆ ಎಂದು. ಎರಡು ಸಲ ತಟ್ಟಿದರೆ ದೂರ ಸರಿಯಿದೆ, ಹೆದೆ ಎಳೆಯಬಹುದು ಎಂದು. ಮಂಡಿಯ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟರೆ "ಬೇಡ" ಎಂದು. ಆ ಅಂಗೈಗಾಗಿಯೇ ಜೊತೆಗಾರರು ಬೇಕು. ಬಿಲ್ಲು ಹಿಡಿದವರ ಎದೆ ಆಗ ಡೋಲಿನಂತೆ ಬಡಿದುಕೊಳ್ಳುತ್ತಿರುತ್ತದೆ, ಕಣ್ಣಿಗೆ ಕೊಂಬು ಬಿಟ್ಟು ಬೇರೇನೂ ಕಾಣುವುದಿಲ್ಲ. ನಡುವೆ ಅಡ್ಡ ಬಂದ ಒಂದು ಕಡ್ಡಿ, ಹಿಂದೆ ನಿಂತ ಮರಿ, ಅರ್ಧ ತಿರುಗಿದ ಭುಜ, ಇದೆಲ್ಲ ಕಾಣುವುದು ಪಕ್ಕದವರಿಗೆ. "ಬೇಡ" ಎಂದಾಗ ಕಾರಣ ಕೇಳುವಂತಿಲ್ಲ. ಈ ಒಪ್ಪಂದ ಮನೆಯಲ್ಲೇ ಆಗಿರಬೇಕು.

ನಾನು ಆ ಒಪ್ಪಂದ ಮುರಿದದ್ದುಂಟು. ಅಕ್ಟೋಬರ್‌ನ ಒಂದು ಸಂಜೆ. ನನ್ನ ಜೊತೆಗಾರರು ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಹಿರಿಯರು. ಬೆಳಕು ಮುಗಿಯಲು ಹತ್ತು ನಿಮಿಷವಿದ್ದಾಗ ಒಂದು ಹೆಣ್ಣು ಜಿಂಕೆ 30 ಗಜದಲ್ಲಿ ಬಂದು ನಿಂತಿತು, ಎದೆ ಸ್ವಲ್ಪ ನಮ್ಮ ಕಡೆಗೇ ತಿರುಗಿತ್ತು. ಮಂಡಿಯ ಮೇಲೆ ಅವರ ಅಂಗೈ ಬಂತು. ಅದರ ಬಿಸಿ ನನಗೆ ಈಗಲೂ ನೆನಪಿದೆ. ಮೂರು ದಿನ ಬರಿಗೈಯಲ್ಲಿ ಕೂತಿದ್ದ ನಾನು ಬಾಣ ಬಿಟ್ಟೆ. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಡೆದು ಹೋಯಿತು. ನೆಲದಲ್ಲಿ ಸಿಕ್ಕ ಬಾಣದ ಮೇಲೆ ರಕ್ತಕ್ಕಿಂತ ಹೆಚ್ಚಾಗಿ ಹಸಿರು ಲೋಳೆ ಇತ್ತು, ಮೂಗಿಗೆ ಹಿಡಿದರೆ ಹುಳಿ ವಾಸನೆ. ಬಾಣ ಹೊಟ್ಟೆಗೆ ಹೋಗಿತ್ತು. ಹಿರಿಯರು ಬಯ್ಯಲಿಲ್ಲ. "ಈಗ ಹಿಂದೆ ಹೋದರೆ ಅದು ಎದ್ದು ಇನ್ನೂ ಒಂದು ಮೈಲಿ ಹೋಗುತ್ತೆ" ಎಂದಷ್ಟೇ ಹೇಳಿ ನನ್ನನ್ನು ವಾಪಸ್ ಕರೆದುಕೊಂಡು ಹೋದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಕು ಹರಿದ ಮೇಲೆ ಸೀಡರ್ ಪೊದೆಯ ಬುಡದಲ್ಲಿ ಜಿಂಕೆ ಸಿಕ್ಕಿತು. ನರಿಯಂಥ ಕಯೋಟಿಗಳು ನಮಗಿಂತ ಮೊದಲೇ ಬಂದಿದ್ದವು. ತೊಡೆಯಿಲ್ಲ, ಹೊಟ್ಟೆಯಿಲ್ಲ, ಉಳಿದದ್ದು ತಿನ್ನಲು ಬರುವ ಹಾಗಿರಲಿಲ್ಲ. ಆ ವರ್ಷ ನಾನು ಮತ್ತೆ ಬಿಲ್ಲು ಹಿಡಿಯಲಿಲ್ಲ.

ಆದ್ದರಿಂದ ಬಾಣ ಬಿಟ್ಟ ಮೇಲಿನ ಪಾಠವನ್ನು ಹೆಚ್ಚು ಹೊತ್ತು ಹೇಳುತ್ತೇನೆ. ಬಿಟ್ಟ ತಕ್ಷಣ ಏಳಬೇಡಿ. ಜಿಂಕೆ ನಿಂತಿದ್ದ ಜಾಗವನ್ನು ನೀವು ಕಣ್ಣಲ್ಲಿ ಹಿಡಿಯಿರಿ. ಅದು ಓಡಿದ ದಿಕ್ಕು, ಕೊನೆಗೆ ಮರೆಯಾದ ಮರ, ಆಮೇಲೆ ಕೇಳಿದ ಸದ್ದು ಇವು ಜೊತೆಗಾರರ ಪಾಲು. ಹತ್ತು ನಿಮಿಷದಲ್ಲಿ ಇಬ್ಬರ ನೆನಪೂ ಬೇರೆ ಬೇರೆ ಆಗುತ್ತದೆ, ಅಲ್ಲೇ ಕೂತು ಪಿಸುಮಾತಿನಲ್ಲಿ ಹೋಲಿಸಿಕೊಳ್ಳಿ. ಜಿಂಕೆ ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ ಕನಿಷ್ಠ ಅರ್ಧ ಗಂಟೆ ಕಾಯಿರಿ. ಆಮೇಲೆ ಬಾಣ ನೋಡಿ. ನಸುಗೆಂಪು ರಕ್ತದಲ್ಲಿ ಸಣ್ಣ ಗುಳ್ಳೆಗಳಿದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಇದೆ. ಕಡುಗೆಂಪಾಗಿ ಮಂದವಾಗಿದ್ದರೆ ಲಿವರ್, ಮೂರು ನಾಲ್ಕು ಗಂಟೆ ಬಿಡಿ. ಹಸಿರು ಕಂಡರೆ ಎಂಟು ಗಂಟೆಯಾದರೂ ಬಿಡಿ. ಅಕ್ಟೋಬರ್‌ನ ಸೆಕೆಗೆ ಮಾಂಸ ಕೆಡಬಹುದು ಎಂಬ ಆತಂಕ ಇದ್ದೇ ಇರುತ್ತದೆ. ಆದರೆ ಎಬ್ಬಿಸಿ ಓಡಿಸಿದರೆ ಮಾಂಸವೂ ಇಲ್ಲ, ಜಿಂಕೆಯೂ ಇಲ್ಲ.

ಜಾಡು ಹಿಡಿಯುವುದು ಇಬ್ಬರ ಕೆಲಸ. ಕೊನೆಯ ರಕ್ತದ ಗುರುತಿನ ಪಕ್ಕ ಒಬ್ಬರು ಕದಲದೆ ನಿಲ್ಲಬೇಕು, ಇನ್ನೊಬ್ಬರು ಜಾಡಿನ ಪಕ್ಕದಲ್ಲಿ, ಅದನ್ನು ತುಳಿಯದೆ, ಮುಂದೆ ಹುಡುಕಬೇಕು. ಮುಂದಿನ ಗುರುತು ಸಿಕ್ಕ ಮೇಲೆ ಹಿಂದಿನವರು ಬರಬೇಕು. ಪ್ರತಿ ಗುರುತಿಗೂ ಒಂದು ಚೂರು ಟಿಶ್ಯೂ ಕಾಗದ ಸಿಕ್ಕಿಸುತ್ತ ಹೋಗಿ. ಜಾಡು ತಪ್ಪಿದಾಗ ಹಿಂತಿರುಗಿ ನೋಡಿದರೆ ಆ ಬಿಳಿ ಚೂರುಗಳ ಸಾಲೇ ಜಿಂಕೆ ಯಾವ ಕಡೆ ವಾಲುತ್ತಿದೆ ಎಂದು ಹೇಳುತ್ತದೆ. ಒಂದು ಸಲ ನಮ್ಮ ಜಾಡು ಸುಣ್ಣಕಲ್ಲಿನ ಹಾಸಿನ ಮೇಲೆ ನಿಂತೇಹೋಯಿತು. ಇಪ್ಪತ್ತು ನಿಮಿಷ ಏನೂ ಇಲ್ಲ. ಹಿರಿಯರು ಮಂಡಿಯೂರಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಹಿಡಿದರು. ಒಣಗಿದ ಓಕ್ ಎಲೆಯೊಂದರ ಮೇಲೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕಿ. ಓಕ್ ಎಲೆಯ ಮೇಲೆ ಸಹಜವಾಗಿಯೇ ಕಂದು ಚುಕ್ಕಿಗಳಿರುತ್ತವೆ. ಅವರು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒರೆಸಿದರು, ಬೆರಳು ಕೆಂಪಾಯಿತು. ಅಲ್ಲಿಂದ ಆಚೆ ಹನ್ನೆರಡು ಹೆಜ್ಜೆಯಲ್ಲಿ, ಹುಲ್ಲುಗರಿಯ ಮೇಲೆ ಮಂಡಿಯೆತ್ತರದಲ್ಲಿ, ಇನ್ನೊಂದು ಗೆರೆ. ಜಿಂಕೆ ಅದರಾಚೆಯ ತಗ್ಗಿನಲ್ಲೇ ಬಿದ್ದಿತ್ತು. ನಾನೊಬ್ಬನೇ ಇದ್ದಿದ್ದರೆ ಆ ಕಲ್ಲಿನ ಹಾಸಿನಿಂದಲೇ ಹಿಂತಿರುಗುತ್ತಿದ್ದೆ.

ಸಿಕ್ಕಿದ ಕೂಡಲೇ ಲೈಸೆನ್ಸಿನ ಟ್ಯಾಗ್ ಭರ್ತಿ ಮಾಡಿ ಕಟ್ಟಬೇಕು. ಆಮೇಲೆ ಹೊಟ್ಟೆ ಬಗೆದು ಒಳಗಿನದನ್ನು ತೆಗೆಯುವುದು, ಆದಷ್ಟು ಬೇಗ ಐಸಿಗೆ ಹಾಕುವುದು. ನಲವತ್ತು ಐವತ್ತು ಕಿಲೋ ತೂಗುವ ದೇಹವನ್ನು ಕಲ್ಲು ಕಳ್ಳಿಗಳ ನಡುವೆ ಎಳೆಯುವಾಗ ಎರಡನೆಯ ಜೋಡಿ ಕೈಯ ಬೆಲೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ರ‍್ಯಾಟಲ್ ಹಾವುಗಳೂ ಓಡಾಡುತ್ತಿರುತ್ತವೆ, ಎಷ್ಟೋ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ. ಜಿಂಕೆಗಳ ಮಿದುಳನ್ನು ತಿನ್ನುವ ಕ್ರಾನಿಕ್ ವೇಸ್ಟಿಂಗ್ ಎಂಬ ರೋಗ ಟೆಕ್ಸಸ್‌ನಲ್ಲಿ 2012ರಲ್ಲಿ ಮೊದಲು ಪತ್ತೆಯಾಯಿತು. ರೋಗ ಕಂಡ ಪ್ರದೇಶಗಳಿಂದ ತಲೆ, ಬೆನ್ನುಮೂಳೆ ಹೊರಗೆ ಸಾಗಿಸಲು ನಿರ್ಬಂಧಗಳಿವೆ. ನಿಮ್ಮ ಕೌಂಟಿಯ ನಿಯಮವನ್ನು ಪ್ರತಿ ವರ್ಷ ಹೊಸದಾಗಿ ಓದಿ. ಜಿಂಕೆ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬೆನ್ನಿನ ಮಾಂಸವನ್ನು ಬಿಸಿ ಕಾವಲಿಯ ಮೇಲೆ ಬೇಗ ಬೇಯಿಸಿ ಇಳಿಸಬೇಕು, ತೊಡೆಯ ಮಾಂಸ ನಮ್ಮ ಮನೆಯಲ್ಲಿ ಕೈಮ ಉಂಡೆ ಸಾರಾಗುತ್ತದೆ. ಪಾಲು ಮಾಡುವಾಗ ಬಾಣ ಬಿಟ್ಟವರಿಗೆ ಒಂದು ತೂಕ, ಜೊತೆಗೆ ಕೂತವರಿಗೆ ಒಂದು ತೂಕ ಎಂಬುದು ನಮ್ಮಲ್ಲಿಲ್ಲ. ಸಮಪಾಲು.

ಈ ವರ್ಷ ಹೋಗಬೇಕೆಂದಿರುವವರು ಬೇಸಿಗೆಯಲ್ಲೇ ತರಗತಿ ಮುಗಿಸಿ, ಸ್ಟೂಲಿನ ಮೇಲೆ ಕೂತು 20 ಗಜಕ್ಕೆ ದಿನಾ ಅಭ್ಯಾಸ ಮಾಡಿ. ನೀವು ಮಾತು ಕೇಳುವಂಥ ಜೊತೆಗಾರರು ಸೆಪ್ಟೆಂಬರ್ ಒಳಗೆ ಸಿಗದಿದ್ದರೆ ಈ ಸೀಸನ್ ಬಿಟ್ಟುಬಿಡಿ. ಅದರ ಬದಲು ಇನ್ನೊಬ್ಬರ ಪಕ್ಕದಲ್ಲಿ ಕೂರಲು ಬನ್ನಿ. ಬಿಲ್ಲು ಮನೆಯಲ್ಲಿರಲಿ, ಬೈನಾಕ್ಯುಲರ್ ತನ್ನಿ.